ಸಹಾಯ ಬೇಕು: ಇಲಿಗೆ ಭಯ ಹೋಗಿದೆಯೋ, ಬರೀ ಮಂಪರೋ?

ಎಲ್ಲರಿಗೂ ನಮಸ್ಕಾರ. ಆತಂಕ ಕಡಿಮೆ ಮಾಡುವ ಡಯಾಜೆಪಾಮ್ ಕೊಟ್ಟು ಇಲಿಗಳ ನಡವಳಿಕೆ ನೋಡುತ್ತಿದ್ದೇನೆ. ಎಲಿವೇಟೆಡ್ ಪ್ಲಸ್ ಮೇಜ್ ಗೊತ್ತಲ್ವಾ? ನೆಲದಿಂದ ಮೇಲೆ ನಾಲ್ಕು ತೋಳಿನ ದಾರಿ. ಎರಡಕ್ಕೆ ಗೋಡೆ ಇದೆ, ಎರಡಕ್ಕೆ ಇಲ್ಲ. ಇಲಿಗೆ ಬಯಲೆಂದರೆ ಭಯ. ಔಷಧಿ ಕೆಲಸ ಮಾಡಿದರೆ ತೆರೆದ ತೋಳಿನಲ್ಲಿ ಜಾಸ್ತಿ ಹೊತ್ತು ಇರಬೇಕು.

ಇಂಜೆಕ್ಷನ್ ಕೊಟ್ಟು 30 ನಿಮಿಷ ಬಿಟ್ಟು, ಒಂದೊಂದನ್ನೂ 5 ನಿಮಿಷ ನೋಡುತ್ತೇನೆ. ಕೆಜಿಗೆ 1 ಮಿಲಿಗ್ರಾಂ ಇದ್ದಾಗ ಎಲ್ಲ ಸರಿಯಿತ್ತು. 3ಕ್ಕೆ ಏರಿಸಿದ್ದೇ ತಡ, ಕೆಲವು ಸುಮ್ನೆ ಕೂತುಬಿಟ್ಟವು. ಒಂದಂತೂ ತೆರೆದ ತೋಳಿನಲ್ಲೇ ತೂಕಡಿಸಿತು! ಇದನ್ನು ಧೈರ್ಯ ಅಂತ ಹೇಗೆ ಬರೆಯಲಿ? ಮುಚ್ಚಿದ ತೋಳಿಗೂ ಅವು ಹೋಗಿದ್ದು ಕಡಿಮೆ. ಹಾಗಾಗಿ ನನಗೆ ಮಂಪರಿನ ಮೇಲೇ ಅನುಮಾನ.

ಅವನ್ನೇ ಮತ್ತೆ ಬಳಸೋಣವೆಂದರೆ, ಒಮ್ಮೆ ಮೇಜ್ ಕಂಡ ಇಲಿಯಲ್ಲಿ ಡಯಾಜೆಪಾಮ್‌ನ ಈ ಪರಿಣಾಮ ಸರಿಯಾಗಿ ಕಾಣುವುದಿಲ್ಲ.

ಓಡಾಟ ಅಳೆಯಲು ಹೊಸ ಇಲಿಗಳಲ್ಲಿ ಓಪನ್ ಫೀಲ್ಡ್ (ಖಾಲಿ ಅಂಕಣದಲ್ಲಿ ಬಿಟ್ಟು ಓಡಾಟ ನೋಡುವುದು) ಮಾಡಲೇ, ರೋಟಾರಾಡ್ (ತಿರುಗುವ ಕೋಲಿನ ಮೇಲೆ ಎಷ್ಟು ಹೊತ್ತು ಬೀಳದೆ ಇರುತ್ತದೆ ಎಂದು ನೋಡುವುದು) ಸಾಕೇ? ತೂಕಡಿಸಿದ್ದನ್ನು ಲೆಕ್ಕದಿಂದ ಬಿಟ್ಟರೆ ಮೋಸವಾಗುತ್ತದೆಯೇ? ಮಾಡಿ ನೋಡಿದವರು ದಯವಿಟ್ಟು ಹೇಳಿ.