ಅಕ್ಕನಿಗೆ ಮೈಯೆಲ್ಲ ಬಿಸಿ, ನನಗೆ ಕೀಲುನೋವು ಮತ್ತು ನಿದ್ದೆ ಇಲ್ಲ. ಮುಟ್ಟು ನಿಲ್ಲುವಾಗ ಒಬ್ಬೊಬ್ಬರಿಗೆ ಒಂದೊಂದು ಥರಾನಾ?

ಬೆಣ್ಣೆದೋಸೆ_ದಾವಣಗೆರೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 46. ಹೈಸ್ಕೂಲಿನಲ್ಲಿ ಟೀಚರ್. ಸುಮಾರು ಒಂದು ವರ್ಷದಿಂದ ಮುಟ್ಟಿನ ಲೆಕ್ಕ ತಪ್ಪಿದೆ. ಒಮ್ಮೆ ಮೂರು ವಾರಕ್ಕೇ ಬರುತ್ತದೆ, ಆಮೇಲೆ ಎರಡು ತಿಂಗಳು ಸುದ್ದಿಯೇ ಇರುವುದಿಲ್ಲ, ಬಂದಾಗ ಮಾತ್ರ ಸಿಕ್ಕಾಪಟ್ಟೆ. ವಯಸ್ಸಾಯಿತಲ್ಲ, ಅದಿರಲಿ ಬಿಡಿ. ನನ್ನ ತೊಂದರೆ ಬೇರೆ. ಬೆಳಿಗ್ಗೆ ಏಳುವಾಗ ಬೆರಳ ಗಿಣ್ಣುಗಳು ಹಿಡಿದುಕೊಂಡಿರುತ್ತವೆ. ಬಲಭುಜ ಮೇಲೆತ್ತಲು ಆಗುವುದಿಲ್ಲ, ಬೋರ್ಡಿನ ಮೇಲಿನ ಅರ್ಧ ಈಗ ಖಾಲಿಯೇ ಬಿಡುತ್ತೇನೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತದೆ. ಇಸಿಜಿ ಮಾಡಿಸಿದೆ, ನಾರ್ಮಲ್. ಪಾಠ ಮಾಡುತ್ತಾ ಇದ್ದ ಹಾಗೆ ಮುಂದಿನ ಪದವೇ ನೆನಪಾಗುವುದಿಲ್ಲ, ಮಕ್ಕಳು ನೋಡುತ್ತಾ ಕೂತಿರುತ್ತವೆ.

ಅಕ್ಕ ಬಳ್ಳಾರಿಯಲ್ಲಿದ್ದಾಳೆ, ನನಗಿಂತ ಮೂರು ವರ್ಷ ದೊಡ್ಡವಳು. ಅವಳಿಗೆ ಮುಟ್ಟು ನಿಂತೇ ಹೋಗಿದೆ. ಅವಳಿಗೆ ಇದ್ಯಾವುದೂ ಇಲ್ಲ, ಬರೀ ಬಿಸಿ. ಎದೆಯಿಂದ ಮುಖಕ್ಕೆ ಝಳ ಏರಿ ಬೆವರು ಸುರಿದು, ಎರಡು ನಿಮಿಷಕ್ಕೆ ಚಳಿ. ಬಳ್ಳಾರಿ ಬಿಸಿಲಿನಲ್ಲಿ ಅದು ಹೇಗಿರಬೇಕು ನೀವೇ ಯೋಚನೆ ಮಾಡಿ. ಅವಳು "ನಿನಗೆ ಬಿಸಿ ಏರುತ್ತಿಲ್ಲ ಅಂದರೆ ಇದು ಮುಟ್ಟು ನಿಲ್ಲುವುದರದ್ದಲ್ಲ, ಬೇರೇನೋ ಇದೆ" ಅಂತ ಹೆದರಿಸುತ್ತಾಳೆ. ನಮ್ಮ ಡಾಕ್ಟರು "ಟೆನ್ಷನ್ ಕಡಿಮೆ ಮಾಡಿಕೊಳ್ಳಿ" ಅಂತ ಬಿ ಕಾಂಪ್ಲೆಕ್ಸ್ ಬರೆದುಕೊಟ್ಟು ಕಳಿಸಿದರು. ಒಂದೇ ತಾಯಿಯ ಮಕ್ಕಳಿಗೆ ಇಷ್ಟು ವ್ಯತ್ಯಾಸ ಇರುತ್ತಾ? ಯಾವ ಟೆಸ್ಟ್ ಮಾಡಿಸಬೇಕು? ಇದು ಎಷ್ಟು ದಿನ ಇರುತ್ತದೆ?

ಗಿರ್ಮಿಟ್_ಹುಬ್ಬಳ್ಳಿ:

ಬಿಸಿ ಏರಲೇಬೇಕು ಅಂತೇನಿಲ್ಲ ರೀ. ನನಗೆ ಒಂದು ದಿನವೂ ಏರಲಿಲ್ಲ. ನನಗಿದ್ದಿದ್ದು ತುರಿಕೆ. ಮೊಣಕೈ, ಬೆನ್ನು, ಕಿವಿಯ ಒಳಗೂ. ಚರ್ಮದ ಡಾಕ್ಟರ ಹತ್ತಿರ ಹೋಗಿ ಮುಲಾಮು ಹಚ್ಚಿದ್ದೇ ಹಚ್ಚಿದ್ದು. ಜೊತೆಗೆ ಸುಮ್ಮನೆ ಒಂದು ಭಯ. ಮಗ ಫೋನ್ ಎತ್ತಲಿಲ್ಲ ಅಂದರೆ ಆಕ್ಸಿಡೆಂಟೇ ಆಗಿದೆ ಅನ್ನಿಸಿ ಕೈಕಾಲು ತಣ್ಣಗಾಗುತ್ತಿತ್ತು, ಮೊದಲು ನಾನು ಹಾಗಿರಲಿಲ್ಲ. ಇದಕ್ಕೂ ಮುಟ್ಟಿಗೂ ಸಂಬಂಧ ಇದೆ ಅಂತ ಒಬ್ಬರೂ ಹೇಳಲಿಲ್ಲ, ಕೊನೆಗೆ ನಮ್ಮ ಆಫೀಸಿನ ಸೀನಿಯರ್ ಮೇಡಂ ಊಟ ಮಾಡುವಾಗ ಹೇಳಿದ್ದು. ನಿಮ್ಮ ಭುಜದ ಕಥೆ ಮಾತ್ರ ಬೇಗ ತೋರಿಸಿ. ನಮ್ಮ ಅತ್ತಿಗೆಗೆ ಹಾಗೇ ಬಿಟ್ಟು ಬಿಟ್ಟು ಸೀರೆ ಸೆರಗು ಹಾಕಿಕೊಳ್ಳಲೂ ಆಗದ ಹಾಗಾಗಿತ್ತು.

ಒಪಿಡಿ_ಸಿಸ್ಟರ್:

ಸ್ತ್ರೀರೋಗ ವಿಭಾಗದ ಒಪಿಡಿಯಲ್ಲಿ ತುಂಬಾ ವರ್ಷ ಕೆಲಸ ಮಾಡಿದ ನರ್ಸ್ ನಾನು. ಸ್ವಲ್ಪ ಉದ್ದ ಬರೆಯುತ್ತೇನೆ.

ಹನ್ನೆರಡು ತಿಂಗಳು ಒಂದೇ ಸಮ ಮುಟ್ಟು ಬರದಿದ್ದರೆ ಆಗ ಮೆನೋಪಾಸ್ ಆಯಿತು ಅನ್ನುತ್ತಾರೆ. ನಮ್ಮ ದೇಶದಲ್ಲಿ ಇದು ಸರಾಸರಿ 46-47ರ ಹೊತ್ತಿಗೆ, ಅಮೆರಿಕ ಯುರೋಪಿನಲ್ಲಿ 51ರ ಹೊತ್ತಿಗೆ. ಆದರೆ ಕಾಟ ಶುರುವಾಗುವುದು ಅದಕ್ಕೂ ನಾಲ್ಕೈದು ವರ್ಷ ಮೊದಲೇ. ನೀವು ಈಗ ಇರುವುದು ಆ ಹಂತದಲ್ಲಿ, ಪೆರಿಮೆನೋಪಾಸ್. ಈ ಹೊತ್ತಿನಲ್ಲಿ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಮೆಟ್ಟಿಲಿಳಿದ ಹಾಗೆ ನಿಧಾನವಾಗಿ ಇಳಿಯುವುದಿಲ್ಲ. ಒಂದು ತಿಂಗಳು ಮೊದಲಿಗಿಂತ ಜಾಸ್ತಿ, ಮುಂದಿನ ತಿಂಗಳು ಪಾತಾಳ. ಆ ಏರಿಳಿತಕ್ಕೇ ಎಷ್ಟೋ ತೊಂದರೆ ಬರುವುದು, ನಿಮ್ಮ ಸಿಕ್ಕಾಪಟ್ಟೆ ಬ್ಲೀಡಿಂಗ್ ಕೂಡ ಹೆಚ್ಚುಪಾಲು ಅದರದ್ದೇ.

ಈಸ್ಟ್ರೋಜನ್ ಕೆಲಸ ಗರ್ಭಕೋಶಕ್ಕೆ ಮಾತ್ರ ಸೀಮಿತ ಅಲ್ಲ. ಮೆದುಳು, ಮೂಳೆ, ಕೀಲು, ಚರ್ಮ, ಮೂತ್ರಕೋಶ, ರಕ್ತನಾಳ ಎಲ್ಲದಕ್ಕೂ ಅದು ಬೇಕು. ಯಾರ ದೇಹದಲ್ಲಿ ಯಾವುದು ಮೊದಲು ತಕರಾರು ತೆಗೆಯುತ್ತದೆ ಅನ್ನುವುದು ಬೇರೆ ಬೇರೆ. ನಿಮ್ಮ ಅಕ್ಕನಿಗೆ ಮೆದುಳಿನಲ್ಲಿ ಮೈಯ ಬಿಸಿ ನೋಡಿಕೊಳ್ಳುವ ಹೈಪೋಥಲಮಸ್ ಅತಿಸೂಕ್ಷ್ಮ ಆಗಿದೆ. ಮೊದಲು ಲೆಕ್ಕಕ್ಕೇ ಬಾರದಿದ್ದ ಚೂರು ಬಿಸಿಗೂ ಅದು ಈಗ ಗಾಬರಿಯಾಗಿ "ಬೆವರು ಬಿಡು, ರಕ್ತನಾಳ ಹಿಗ್ಗಿಸು" ಅನ್ನುತ್ತದೆ. ನಿಮ್ಮಲ್ಲಿ ಕೀಲು ಮತ್ತು ನಿದ್ದೆಗೆ ಹೊಡೆತ. ಅಕ್ಕ ತಂಗಿ ಆದರೂ ತೂಕ, ಬೇರೆ ಕಾಯಿಲೆ, ಹೆರಿಗೆಯ ಇತಿಹಾಸ, ಕೆಲಸ, ಮನೆಯ ಒತ್ತಡ ಒಂದೇ ಅಲ್ವಲ್ಲ. ಮೊದಲಿನಿಂದ ಮೈಗ್ರೇನ್ ಇದ್ದವರಿಗೆ, ಮುಟ್ಟಿಗೆ ಮುಂಚೆ ಮನಸ್ಸು ಕೆಡುತ್ತಿದ್ದವರಿಗೆ ಈ ಕಾಲ ಸ್ವಲ್ಪ ಜಾಸ್ತಿ ಕಷ್ಟ ಕೊಡುವುದುಂಟು.

ಎಷ್ಟು ದಿನ ಅಂದರೆ, ಅಮೆರಿಕದಲ್ಲಿ ಸ್ವಾನ್ ಅನ್ನುವ ದೊಡ್ಡ ಅಧ್ಯಯನ 1996ರಲ್ಲಿ ಶುರುವಾಯಿತು. ಅದರಲ್ಲಿ ಹಾಟ್ ಫ್ಲ್ಯಾಶ್, ಅಂದರೆ ಈ ಬಿಸಿ ಏರುವುದು, ಮಧ್ಯಮ ಲೆಕ್ಕದಲ್ಲಿ 7.4 ವರ್ಷ ಇತ್ತು. ಆಫ್ರಿಕಾ ಮೂಲದ ಹೆಂಗಸರಲ್ಲಿ ಹತ್ತು ವರ್ಷದ ಮೇಲೆ, ಜಪಾನ್ ಮೂಲದವರಲ್ಲಿ ಐದು ವರ್ಷಕ್ಕೂ ಕಡಿಮೆ. ಮುಟ್ಟು ಇರುವಾಗಲೇ ಬಿಸಿ ಶುರುವಾದವರಿಗೆ ಅದು ತುಂಬಾ ವರ್ಷ ಉಳಿಯಿತು, ನಿಂತ ಮೇಲೆ ಶುರುವಾದವರಿಗೆ ಸುಮಾರು ಮೂರೂವರೆ ವರ್ಷಕ್ಕೆ ಮುಗಿಯಿತು. ಭಾರತದವರನ್ನು ಒಂದು ಗುಂಪಾಗಿ ಅದರಲ್ಲಿ ಸೇರಿಸಿರಲಿಲ್ಲ, ಹಾಗಾಗಿ ಆ ಅಂಕಿ ನಮಗೆ ಹಾಗೇ ಹೊಂದುತ್ತದೆ ಅಂದುಕೊಳ್ಳಬೇಡಿ.

ಇನ್ನು ಟೆಸ್ಟ್. 45 ದಾಟಿದವರಿಗೆ ಎಫ್ಎಸ್ಎಚ್ ಅನ್ನುವ ಹಾರ್ಮೋನ್ ಪರೀಕ್ಷೆ ಸಾಮಾನ್ಯವಾಗಿ ಬೇಡ. ಈ ವಾರ ಒಂದು, ಮುಂದಿನ ವಾರ ಇನ್ನೊಂದು ತೋರಿಸುತ್ತದೆ, ದುಡ್ಡು ದಂಡ. ಆದರೆ ನಿಮಗಿರುವ ಲಕ್ಷಣಗಳೆಲ್ಲ ಬೇರೆ ಕಾಯಿಲೆಗೂ ಬರುವಂಥವು. ಥೈರಾಯ್ಡ್ ಹೆಚ್ಚುಕಡಿಮೆ ಆದರೆ ಎದೆ ಡವಡವ, ಮರೆವು, ಮುಟ್ಟಿನ ಏರುಪೇರು ಎಲ್ಲ ಬರುತ್ತದೆ. ಬ್ಲೀಡಿಂಗ್ ಜಾಸ್ತಿಯಾಗಿ ರಕ್ತ ಕಡಿಮೆಯಾದರೂ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಟಿಎಸ್ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಶುಗರ್, ಬಿ12, ವಿಟಮಿನ್ ಡಿ ಇಷ್ಟು ನೋಡಿಸಿ, ಬ್ಲೀಡಿಂಗಿಗೆ ಒಂದು ಸ್ಕ್ಯಾನ್. ಭುಜ ಎತ್ತಲಾಗದಿದ್ದರೆ ಫ್ರೋಜನ್ ಶೋಲ್ಡರ್ (ಭುಜದ ಕೀಲು ಬಿಗಿದುಕೊಳ್ಳುವುದು) ಇರಬಹುದು, ಈ ವಯಸ್ಸಿನ ಹೆಂಗಸರಲ್ಲಿ ಜಾಸ್ತಿ, ಶುಗರ್ ಇದ್ದವರಲ್ಲಿ ಇನ್ನೂ ಜಾಸ್ತಿ. ಬೆಳಗಿನ ಬೆರಳು ಬಿಗಿತ ಅರ್ಧ ಗಂಟೆ ದಾಟುತ್ತದೆಯಾ, ಗಿಣ್ಣು ಊದುತ್ತದೆಯಾ ನೋಡಿ. ಹೌದು ಅಂದರೆ ಸಂಧಿವಾತದ ರಕ್ತಪರೀಕ್ಷೆ ಬೇಕು. ಎಲ್ಲ ಲಕ್ಷಣವನ್ನೂ ಮುಟ್ಟಿನ ತಲೆಗೆ ಕಟ್ಟಿ ಕೂರುವುದೂ ಅಪಾಯ, "ಟೆನ್ಷನ್" ಅಂತ ತಳ್ಳಿಹಾಕುವುದೂ ಅಪಾಯ.

ಮಡಿಲಕ್ಕಿ:

ನನಗೆ 68. ನಮ್ಮ ಕಾಲದಲ್ಲಿ ಇದೆಲ್ಲ ಇರಲೇ ಇಲ್ಲಮ್ಮ. ಮುಟ್ಟು ನಿಂತಿತು, ಸದ್ಯ ಮುಗಿಯಿತು ಅಂತ ದೇವರಿಗೆ ಕೈ ಮುಗಿದೆವು. ಈಗಿನವರು ನೆಟ್ ನೋಡಿ ಇಲ್ಲದ ಕಾಯಿಲೆ ತಂದುಕೊಳ್ಳುತ್ತೀರಿ. ಉಷ್ಣಕ್ಕೆ ಮಜ್ಜಿಗೆ ಕುಡಿಯಿರಿ, ರಾತ್ರಿ ಮೆಂತ್ಯ ನೆನೆಸಿಟ್ಟು ಬೆಳಿಗ್ಗೆ ತಿನ್ನಿ, ಎಲ್ಲ ಸರಿಹೋಗುತ್ತದೆ.

ಗಿರ್ಮಿಟ್_ಹುಬ್ಬಳ್ಳಿ:

@ಮಡಿಲಕ್ಕಿ ಅಮ್ಮಾ, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಏನೂ ಆಗಿರಲಿಕ್ಕಿಲ್ಲ, ಅಂಥ ಅದೃಷ್ಟವಂತರೂ ಇದ್ದಾರೆ. ಆದರೆ ನಮ್ಮ ಅವ್ವನಿಗೆ ಆಗಿತ್ತು. ಚಳಿಗಾಲದಲ್ಲೂ ಅಂಗಳದಲ್ಲೇ ಚಾಪೆ ಹಾಕಿ ಮಲಗುತ್ತಿದ್ದಳು, ಸಣ್ಣ ಮಾತಿಗೂ ಅಳುತ್ತಿದ್ದಳು, ಮನೆಯವರೆಲ್ಲ "ಈಕಿಗೆ ತಲೆ ಕೆಟ್ಟದ" ಅಂದರು. ಆಕೆ ಹೇಳಲಿಲ್ಲ, ನಾವು ಕೇಳಲಿಲ್ಲ. ಇರಲಿಲ್ಲ ಅಂತ ಅಲ್ಲ ರೀ ಅದು.

ಮಡಿಲಕ್ಕಿ:

ಅದೂ ನಿಜವೇ. ನಮ್ಮ ಅತ್ತೆಗೆ ಆ ವಯಸ್ಸಿನಲ್ಲಿ ಮೈಮೇಲೆ ಏನೋ ಬಂದಿದೆ ಅಂತ ತಾಯತ ಕಟ್ಟಿಸಿದ್ದರು. ಮೆಂತ್ಯ ಮಾತ್ರ ತಿನ್ನಿ, ಅದರಿಂದ ನಷ್ಟ ಏನಿಲ್ಲ.

ತೊಗರಿ_ಕಣಜ:

ಕಲಬುರಗಿ ಕಡೆಯವಳು. ನಿಮ್ಮದೆಲ್ಲ ಮೆಲ್ಲಗೆ ಬಂದಿದ್ದು, ನನ್ನದು ಒಂದೇ ವಾರದಲ್ಲಿ. 38ಕ್ಕೆ ಬಿಳಿಸೆರಗು, ಹೊಟ್ಟೆನೋವು ಅಂತ ಹೋದರೆ ಒಂದು ಖಾಸಗಿ ಆಸ್ಪತ್ರೆಯಲ್ಲಿ "ಮಕ್ಕಳಾಗಿವೆ, ಇನ್ನು ಗರ್ಭಕೋಶ ಯಾಕೆ ಬೇಕು, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ" ಅಂದರು. ತೆಗೆಸಿಕೊಂಡೆ. ಮನೆಗೆ ಬರುವಷ್ಟರಲ್ಲಿ ಮೈ ಕೆಂಡ, ರಾತ್ರಿಯೆಲ್ಲ ಬೆವರು, ಗಂಡನ ಹತ್ತಿರ ಹೋಗಲೂ ಆಗದಷ್ಟು ಉರಿ. ಆಮೇಲೆ ಬೇರೆ ಡಾಕ್ಟರು ಡಿಸ್ಚಾರ್ಜ್ ಕಾಗದ ಓದಿ ಹೇಳಿದರು, ಎರಡೂ ಅಂಡಾಶಯ ತೆಗೆದಿದ್ದಾರೆ ಅಂತ. ನನಗೆ ಮೊದಲು ಯಾರೂ ಹೇಳಿರಲಿಲ್ಲ. ನಮ್ಮ ಓಣಿಯಲ್ಲಿ ಹೀಗೆ ತೆಗೆಸಿಕೊಂಡವರು ನಾನೊಬ್ಬಳೇ ಅಲ್ಲ. ಯಾರಿಗಾದರೂ ಆಪರೇಷನ್ ಆಗಿದ್ದರೆ ಆ ಕಾಗದ ತೆಗೆದು ಏನೇನು ತೆಗೆದಿದ್ದಾರೆ ಅಂತ ಓದಿಸಿ. ಈಗ ಮೂಳೆಗೆ ಡೆಕ್ಸಾ ಸ್ಕ್ಯಾನ್ ಮಾಡಿಸಿ ಔಷಧಿ ತೆಗೆದುಕೊಳ್ಳುತ್ತಿದ್ದೇನೆ.

ಒಪಿಡಿ_ಸಿಸ್ಟರ್:

@ತೊಗರಿ_ಕಣಜ ಓದಿ ಸಂಕಟ ಆಯಿತು. ಬಿಳಿಸೆರಗಿಗೆ ಗರ್ಭಕೋಶ ತೆಗೆಯುವ ಅಗತ್ಯವೇ ಇಲ್ಲ. ಬೇರೆಯವರಿಗೂ ತಿಳಿದಿರಲಿ: ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯ ಕೆಲಸ ಮಾಡುತ್ತಿರುತ್ತದೆ, ಲಕ್ಷಣಗಳು ತಮ್ಮ ಸಮಯಕ್ಕೆ, ಅಥವಾ ಸ್ವಲ್ಪ ಮುಂಚೆ ಬರುತ್ತವೆ. ಎರಡೂ ಅಂಡಾಶಯ ತೆಗೆದರೆ ಮರುದಿನದಿಂದಲೇ ಮೆನೋಪಾಸ್, ಅದೂ ಜೋರಾಗಿ. ಅಷ್ಟು ಚಿಕ್ಕ ವಯಸ್ಸಿಗೆ ಆದಾಗ ಬೇರೆ ಅಡ್ಡಿ ಇಲ್ಲದಿದ್ದರೆ ಸಹಜ ಮೆನೋಪಾಸ್ ವಯಸ್ಸಿನವರೆಗೂ ಹಾರ್ಮೋನ್ ಕೊಡುವುದು ಸರಿಯಾದ ಕ್ರಮ, ಮೂಳೆ ಮತ್ತು ಹೃದಯ ಎರಡಕ್ಕೂ. ನಿಮ್ಮ ಡಾಕ್ಟರ ಹತ್ತಿರ ಕೇಳಿ.

ಶೆಟ್ರಂಗಡಿ:

ಗಂಡಸರು ಇಲ್ಲಿ ಬರೆಯಬಹುದಾ ಗೊತ್ತಿಲ್ಲ. ನನ್ನ ಹೆಂಡತಿಗೆ 51, ಬಿಸಿ ಮತ್ತು ಸಿಟ್ಟು ಎರಡೂ ಇದೆ. ಹಾರ್ಮೋನ್ ಮಾತ್ರೆ ಅಂದರೆ ಕ್ಯಾನ್ಸರ್ ಅಂತ ಹೆದರುತ್ತಾಳೆ. ನಿಜವಾ? ಇನ್ನೊಂದು, ಮುಟ್ಟು ನಿಂತು ಒಂದೂವರೆ ವರ್ಷ ಆದಮೇಲೆ ಹೋದ ವಾರ ಸ್ವಲ್ಪ ಕಾಣಿಸಿಕೊಂಡಿತು. "ಮತ್ತೆ ವಯಸ್ಸು ಬಂತು" ಅಂತ ತಮಾಷೆ ಮಾಡುತ್ತಾಳೆ.

ಒಪಿಡಿ_ಸಿಸ್ಟರ್:

ಅಣ್ಣಾ, ಬರೆದದ್ದು ಒಳ್ಳೆಯದಾಯಿತು. ಎರಡನೆಯದಕ್ಕೆ ಮೊದಲು ಉತ್ತರ: ಅದು ತಮಾಷೆ ಅಲ್ಲ. ಒಂದು ವರ್ಷ ನಿಂತ ಮೇಲೆ ಒಂದು ಹನಿ ಕಾಣಿಸಿಕೊಂಡರೂ ಈ ವಾರವೇ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಹೆಚ್ಚಿನವರಲ್ಲಿ ಒಳಗಿನ ಪದರ ಒಣಗಿ ತೆಳುವಾಗಿ ಹಾಗಾಗಿರುತ್ತದೆ, ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತೂ ಇದೇ. ಸ್ಕ್ಯಾನ್‌ನಲ್ಲಿ ಒಳಪದರ 4 ಮಿಲಿಮೀಟರಿಗಿಂತ ದಪ್ಪ ಇದ್ದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.

ಹಾರ್ಮೋನ್ ಭಯ 2002ರದ್ದು. ಅಮೆರಿಕದ ಒಂದು ದೊಡ್ಡ ಪ್ರಯೋಗವನ್ನು ಸ್ತನ ಕ್ಯಾನ್ಸರ್ ಸ್ವಲ್ಪ ಹೆಚ್ಚಿದ್ದಕ್ಕೆ ಅರ್ಧಕ್ಕೆ ನಿಲ್ಲಿಸಿದರು, ಜಗತ್ತೇ ಹೆದರಿತು. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಈಗ 60ರೊಳಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡುವ ಆರೋಗ್ಯವಂತರಿಗೆ ಅಪಾಯಕ್ಕಿಂತ ಉಪಯೋಗ ಜಾಸ್ತಿ ಅನ್ನುತ್ತಾರೆ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟಿದ್ದವರಿಗೆ, ಲಿವರ್ ತೊಂದರೆಯವರಿಗೆ ಕೊಡುವುದಿಲ್ಲ. ಕಾರಣ ಗೊತ್ತಾಗದ ಬ್ಲೀಡಿಂಗ್ ಇರುವವರಿಗೂ ಇಲ್ಲ, ಅಂದರೆ ಸದ್ಯಕ್ಕೆ ನಿಮ್ಮ ಮನೆಯವರಿಗೂ ಇಲ್ಲ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದು, ಜೊತೆಗೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಬೇಕೇ ಬೇಕು. ಹಾರ್ಮೋನ್ ಬೇಡ ಅಂದರೆ ಬಿಸಿಗೆ ಬೇರೆ ಮಾತ್ರೆಗಳಿವೆ. ಬರೀ ಒಣಗುವಿಕೆ, ಉರಿ, ಪದೇ ಪದೇ ಮೂತ್ರದ ಸೋಂಕು ಇದ್ದರೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಸಾಕು, ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಇದನ್ನು ಕೇಳಲು ನಾಚಿಕೆಪಟ್ಟು ವರ್ಷಗಟ್ಟಲೆ ನರಳುವವರನ್ನು ಒಪಿಡಿಯಲ್ಲಿ ತುಂಬಾ ನೋಡಿದ್ದೇನೆ.

ಬೆಣ್ಣೆದೋಸೆ_ದಾವಣಗೆರೆ:

ಎಲ್ಲರಿಗೂ ಥ್ಯಾಂಕ್ಸ್. ಇದನ್ನು ಅಕ್ಕನಿಗೂ ಕಳಿಸಿದೆ, "ಹಾಗಾದರೆ ನಿನ್ನದೂ ಅದೇನಾ" ಅಂತ ಒಪ್ಪಿಕೊಂಡಳು, ಅವಳು ಒಪ್ಪಿಕೊಳ್ಳುವುದೇ ಅಪರೂಪ. ಟೆಸ್ಟಿಗೆ ಶನಿವಾರ ಹೋಗುತ್ತೇನೆ, ಭುಜಕ್ಕೆ ಮೂಳೆ ಡಾಕ್ಟರ ಹತ್ತಿರ. ಸಿಸ್ಟರ್, ಒಂದೇ ಪ್ರಶ್ನೆ: ಕ್ಯಾಲ್ಸಿಯಂ ಮಾತ್ರೆ ಈಗಲೇ ಶುರು ಮಾಡಲಾ? ನಮ್ಮ ಮನೆಯಲ್ಲಿ ಜೋಳದ ರೊಟ್ಟಿಯೇ ಹೆಚ್ಚು.

ಒಪಿಡಿ_ಸಿಸ್ಟರ್:

ಜೋಳದಲ್ಲಿ ಕ್ಯಾಲ್ಸಿಯಂ ಅಷ್ಟಿಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮುಟ್ಟು ನಿಂತವರಿಗೆ ದಿನಕ್ಕೆ 1200 ಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುತ್ತದೆ, ನಿಮಗೆ ಈಗ 1000. ರೊಟ್ಟಿಗೆ ಎಳ್ಳು ಹಚ್ಚಿ, ಒಂದು ಹೊತ್ತು ರಾಗಿ ಮಾಡಿ, ಹಾಲು ಮೊಸರು ಬಿಡಬೇಡಿ, ಆಮೇಲೂ ಸಾಲದಿದ್ದರೆ ಮಾತ್ರೆ. ರಿಪೋರ್ಟ್ ಬಂದಮೇಲೆ ಕಬ್ಬಿಣದ ಮಾತ್ರೆ ಕೊಟ್ಟರೆ ಅದನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ಕ್ಯಾಲ್ಸಿಯಂ ಕಬ್ಬಿಣವನ್ನು ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಥೈರಾಯ್ಡ್ ಮಾತ್ರೆ ಬಂದರೂ ಅಷ್ಟೇ, ಅದು ಬೆಳಿಗ್ಗೆ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ನಾಲ್ಕು ಗಂಟೆ ಬಿಟ್ಟು.