ಇಬ್ಬರು ಮಕ್ಕಳಿಗೆ ಹ್ಯಾಲೋವೀನ್ ವೇಷ, 600 ರೂಪಾಯಿ ಒಳಗೆ ಆಗುತ್ತಾ?

ನವನಗರದ ಅಮ್ಮ:
ನಮಸ್ಕಾರ ಎಲ್ಲರಿಗೂ. ನಾವು ಹುಬ್ಬಳ್ಳಿ ನವನಗರದಲ್ಲಿದ್ದೇವೆ. ಅಕ್ಟೋಬರ್ 31ರ ಸಂಜೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಗೆ ಹ್ಯಾಲೋವೀನ್ ಇಟ್ಟುಕೊಂಡಿದ್ದಾರೆ. ಮಗಳಿಗೆ ಒಂಬತ್ತು ವರ್ಷ, ಅವಳು ಈಜಿಪ್ಟಿನ ಮಮ್ಮಿ ಆಗಬೇಕಂತೆ. ಮಗನಿಗೆ ಐದು, ಅವನಿಗೆ ವ್ಯಾಂಪೈರ್ ಬೇಕು. ಆನ್‌ಲೈನ್‌ನಲ್ಲಿ ಒಂದೊಂದು ಡ್ರೆಸ್ಸಿಗೂ ಸಾವಿರದ ಹತ್ತಿರ ಇದೆ, ಒಂದು ಸಂಜೆ ಹಾಕಿ ಕಪಾಟು ಸೇರುವ ಬಟ್ಟೆಗೆ ಅಷ್ಟು ಕೊಡಲು ಮನಸ್ಸಿಲ್ಲ. ಬಣ್ಣ ಎಲ್ಲಾ ಸೇರಿ 600 ರೂಪಾಯಿಯಲ್ಲಿ ಮುಗಿಸಬೇಕು. ಹೊಲಿಗೆ ಮಷೀನ್ ಇಲ್ಲ, ಸೂಜಿ ದಾರದ ಕೆಲಸ ಬರುತ್ತದೆ. ಮಗನ ಚರ್ಮ ಬಹಳ ಸೂಕ್ಷ್ಮ, ಹೋಳಿ ಬಣ್ಣಕ್ಕೇ ದದ್ದು ಏಳುತ್ತವೆ. ಇನ್ನೊಂದು, ಮರುದಿನ ಬೆಳಿಗ್ಗೆ ರಾಜ್ಯೋತ್ಸವ, ಮಗಳು ಶಾಲೆಯಲ್ಲಿ ಕಿತ್ತೂರು ಚೆನ್ನಮ್ಮ. ಹಾಗಾಗಿ ರಾತ್ರಿ ಹಚ್ಚಿದ್ದು ರಾತ್ರಿಯೇ ಹೋಗಬೇಕು. ಮಾಡಿ ಗೊತ್ತಿದ್ದವರು ಹೇಳಿ ಪ್ಲೀಸ್.

ಧಾರವಾಡ ಟೇಲರ್:
ಅಕ್ಕಾ, ಬಟ್ಟೆಗೆ ಒಂದು ರೂಪಾಯಿನೂ ಹಾಕಬೇಡಿ, ಎಲ್ಲಾ ಮನೆಯಲ್ಲೇ ಸಿಗುತ್ತದೆ. ಮಮ್ಮಿಗೆ ಹಳೆಯ ಬಿಳಿ ಧೋತರ ಅಥವಾ ಬೆಡ್‌ಶೀಟ್ ಸಾಕು, ಆದರೆ ಕಾಟನ್ ಇರಬೇಕು, ಪಾಲಿಯೆಸ್ಟರ್‌ಗೆ ಚಹಾ ಬಣ್ಣ ಹಿಡಿಯುವುದಿಲ್ಲ. ಅಂಚಿನಲ್ಲಿ ಎರಡೆರಡು ಇಂಚಿಗೆ ಕತ್ತರಿಯಿಂದ ಸ್ವಲ್ಪ ಸೀಳಿ, ಮುಂದೆ ಕೈಯಿಂದಲೇ ಹರಿಯಿರಿ. ಎಳೆ ಬಿಟ್ಟಷ್ಟೂ ಹಳೆಯದಾಗಿ ಕಾಣುತ್ತದೆ. ಚಹಾಪುಡಿ ಗಟ್ಟಿಯಾಗಿ ಕುದಿಸಿ ಸೋಸಿ, ಆ ನೀರಿನಲ್ಲಿ ಪಟ್ಟಿಗಳನ್ನು ಅರ್ಧ ಗಂಟೆ ಬಿಡಿ. ಹಿಂಡಿ, ಮುದ್ದೆ ಮುದ್ದೆಯಾಗಿಯೇ ಒಣಗಲು ಇಟ್ಟರೆ ಬಣ್ಣ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಹಿಡಿಯುತ್ತದೆ. ನಮಗೆ ಬೇಕಾಗಿದ್ದೂ ಅದೇ.

ಈಗ ಮುಖ್ಯ ವಿಷಯ. ಪಟ್ಟಿಯನ್ನು ಮೈಗೆ ಸುತ್ತಬೇಡಿ. ಮಕ್ಕಳು ಸ್ವಲ್ಪ ಓಡಾಡಿದರೆ ಎಲ್ಲಾ ಮೊಣಕಾಲಿಗೆ ಇಳಿಯುತ್ತದೆ, ಬಾತ್‌ರೂಮಿಗೆ ಹೋಗಬೇಕೆಂದರೆ ಪೂರ್ತಿ ಬಿಚ್ಚಬೇಕು. ಹಳೆಯ ಟೀ ಶರ್ಟ್, ಲೆಗ್ಗಿಂಗ್ ಮೇಲೆ ಪಟ್ಟಿಗಳನ್ನು ಅಡ್ಡಾದಿಡ್ಡಿ ಇಟ್ಟು ಕಚ್ಚಾ ಹೊಲಿಗೆ ಹಾಕಿ, ಅಲ್ಲಲ್ಲಿ ತುದಿ ಜೋತು ಬೀಳಲಿ. ಹೊಲಿಯುವಾಗ ಒಳಗೆ ಒಂದು ರಟ್ಟು ಇಟ್ಟುಕೊಳ್ಳಿ, ಇಲ್ಲದಿದ್ದರೆ ಹಿಂದಿನ ಬಟ್ಟೆಯೂ ಸೇರಿ ಹೊಲಿದುಹೋಗುತ್ತದೆ.

ಮಗನಿಗೆ ನಿಮ್ಮ ಹಳೆಯ ಕರಿ ಪೆಟಿಕೋಟ್ ತೆಗೆಯಿರಿ. ಒಂದು ಪಕ್ಕದ ಹೊಲಿಗೆ ಬಿಚ್ಚಿದರೆ ನೆರಿಗೆ ಸಮೇತ ಮೇಲುಹೊದಿಕೆ ರೆಡಿ. ಲಾಡಿಯನ್ನು ಮಾತ್ರ ಕುತ್ತಿಗೆಗೆ ಕಟ್ಟಬೇಡಿ! ಯಾರಾದರೂ ಹಿಂದಿನಿಂದ ಹಿಡಿದು ಎಳೆದರೆ ಬಿಗಿಯುತ್ತದೆ. ನೆರಿಗೆ ಹಿಡಿದು ಹೊಲಿದು, ಲಾಡಿ ತೆಗೆದುಬಿಟ್ಟು, ಅಂಗಿಯ ಎರಡೂ ಭುಜಕ್ಕೆ ಟಿಚ್ ಬಟನ್ ಹಾಕಿ. ಎಳೆದರೆ ತಾನೇ ಬಿಚ್ಚಿಕೊಳ್ಳುತ್ತದೆ. ಉದ್ದ ಮೀನಖಂಡದವರೆಗೆ ಸಾಕು. ಟಿಚ್ ಬಟನ್, ಕರಿ ದಾರ ದುರ್ಗದಬೈಲಿನಲ್ಲಿ ಅಗ್ಗಕ್ಕೆ ಸಿಗುತ್ತವೆ.

ಗದಗ ಬಣ್ಣದ ಪೆಟ್ಟಿಗೆ:
ಟೇಲರ್ ಅಕ್ಕ ಹೇಳಿದ್ದು ಸರಿ. ಉಳಿದ ದುಡ್ಡೆಲ್ಲಾ ಮುಖಕ್ಕೆ ಇಡಿ. ನಾನು ನಾಟಕಗಳಿಗೆ ಬಣ್ಣ ಹಚ್ಚುವವನು. ಗರುಡ ಸದಾಶಿವರಾಯರ ನಾಟಕ ಕಂಪನಿ ಮೆರೆದ ಊರು ನಮ್ಮದು, ಇಲ್ಲಿ ಬಣ್ಣ ಅಂದರೆ ಸುಮ್ನೆ ಅಲ್ಲ.

ಬಿಳಿಗೆ ರಂಗದ ಮೇಲೆ ಝಿಂಕ್ ಆಕ್ಸೈಡ್ ಬಳಸುತ್ತೇವೆ. ಅದೇ ಝಿಂಕ್ ಆಕ್ಸೈಡ್ ಕೂಸುಗಳ ಡೈಪರ್ ದದ್ದಿಗೆ ಹಚ್ಚುವ ಕ್ರೀಮಿನಲ್ಲೂ ಇರುತ್ತದೆ, ಮೆಡಿಕಲ್ ಶಾಪಿನಲ್ಲಿ ಕೇಳಿ. ಪೇಂಟ್ ಅಂಗಡಿಯ ಬಿಳಿ ಪುಡಿ ಬೇಡವೇ ಬೇಡ. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ, ಇಬ್ಬರಿಗೂ. ತೆಳುವಾಗಿ ಹಚ್ಚಿ, ಒದ್ದೆ ಸ್ಪಂಜಿನಿಂದ ಒತ್ತಿ. ದಪ್ಪ ಹಚ್ಚಿದರೆ ಬೆವರಿಗೆ ಬಿರುಕು ಬಿಡುತ್ತದೆ.

ಬರೀ ಬಿಳಿ ಮುಖ ಭಯ ಹುಟ್ಟಿಸುವುದಿಲ್ಲ, ನೆರಳು ಹುಟ್ಟಿಸುತ್ತದೆ. ಕಣ್ಣಿನ ಸುತ್ತಲಿನ ಎಲುಬನ್ನು ಬೆರಳಿನಿಂದ ಮುಟ್ಟಿ ನೋಡಿ, ಅದರ ಒಳಗಿನ ತಗ್ಗಿಗೆ ಮತ್ತು ಕೆನ್ನೆ ಎಲುಬಿನ ಕೆಳಗೆ ಕಂದು ಐಶ್ಯಾಡೋ ಕೊಡಿ, ಅಂಚು ಗೆರೆಯಾಗಿ ಕಾಣದಂತೆ ಬೆರಳಿನಿಂದ ಮಸುಕು ಮಾಡಿ. ಮಮ್ಮಿಗೆ ಇಷ್ಟೇ ಸಾಕು. ಸುರ್ಮಾ ಬಳಸಬೇಡಿ, ಬಹಳಷ್ಟರಲ್ಲಿ ಸೀಸ ಇರುತ್ತದೆ. ಚಿಕ್ಕವನಿಗೆ ಪ್ಲಾಸ್ಟಿಕ್ ಹಲ್ಲು ಬೇಡ, ಕೆಳದುಟಿಯ ಮೇಲೆ ಅದೇ ಬಿಳಿ ಕ್ರೀಮಿನಿಂದ ಎರಡು ಕೋರೆಹಲ್ಲು ಬರೆದು ಕಪ್ಪು ಅಂಚು ಕೊಡಿ. ರಕ್ತಕ್ಕೆ ಫುಡ್ ಕಲರ್ ಹಾಕಿದರೆ ಕಲೆ ಮರುದಿನವೂ ಉಳಿಯುತ್ತದೆ, ಚೆನ್ನಮ್ಮನ ಕೆನ್ನೆಯ ಮೇಲೆ ಅದು ಬೇಕಾ? ವ್ಯಾಸಲಿನ್ ಸವರಿ ಅದರ ಮೇಲೆ ಕೆಂಪು ಲಿಪ್‌ಸ್ಟಿಕ್ ಹಚ್ಚಿ. ತೆಗೆಯುವಾಗ ಮೊದಲು ನೀರು ಹಾಕಬೇಡಿ. ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿಯಿಂದ ಒರೆಸಿ, ಆಮೇಲೆ ಸೋಪು.

ಹಾವೇರಿ ಟೀಚರ್:
ನಾನೂ ಎರಡು ಮಾತು ಸೇರಿಸುತ್ತೇನೆ. ರಂಗೋಲಿ ಪುಡಿ ಮುಖಕ್ಕೆ ಬೇಡ, ಅದು ಕಲ್ಲಿನ ಪುಡಿ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ ಅಂತ ಆ ಪುಡಿಯಿಂದ ರಕ್ತ ಮಾಡಲು ಹೋಗಬೇಡಿ. ಬ್ಯಾಡಗಿಯ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ ನಿಜ, ಆದರೆ ಅದನ್ನು ಕಾರ್ಖಾನೆಯಲ್ಲಿ ಬೇರೆ ಮಾಡಿ ತೆಗೆದಿರುತ್ತಾರೆ. ಮನೆಯ ಪುಡಿ ಕಣ್ಣಿಗೆ ಬಿದ್ದರೆ ಮಗು ಒದ್ದಾಡುತ್ತದೆ.

ಬೆಂಕಿ ಬಗ್ಗೆ ಯಾರೂ ಹೇಳಲಿಲ್ಲ. ಎಳೆ ಬಿಟ್ಟ ಕಾಟನ್ ಪಟ್ಟಿಗೆ ಬಹಳ ಬೇಗ ಬೆಂಕಿ ಹತ್ತುತ್ತದೆ, ದೀಪಾವಳಿಯೂ ಹತ್ತಿರವೇ ಬರುವುದರಿಂದ ಹಣತೆ, ಪಟಾಕಿ ಇರಬಹುದು. ಕುಂಬಳಕಾಯಿ ಕೊರೆಯುತ್ತಾರಾ? ಹಾಗಾದರೆ ಒಳಗೆ ಮೇಣದಬತ್ತಿ ಬೇಡ, ಚಿಕ್ಕ ಟಾರ್ಚ್ ಇಡಲು ಹೇಳಿ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಮೊದಲು ಟರ್ನಿಪ್ ಗಡ್ಡೆ ಕೊರೆಯುತ್ತಿದ್ದರು, ಅಮೆರಿಕಕ್ಕೆ ಹೋದ ಮೇಲೆ ಕುಂಬಳಕಾಯಿ ಬಂತು. ಕೊರೆದು ತೆಗೆದ ತಿರುಳಿನಿಂದ ಗಾರಿಗೆ ಮಾಡಿ, ಮಕ್ಕಳಿಗೆ ಚಾಕೊಲೇಟಿಗಿಂತ ಒಳ್ಳೆಯದು.

ಇದು ನಮ್ಮ ಹಬ್ಬ ಅಲ್ಲ ಅಂತ ಯಾರಾದರೂ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಹೋಳಿ ಹಬ್ಬಕ್ಕೆ ಸೋಗು, ಮೊಹರಮ್‌ಗೆ ಹುಲಿವೇಷ ನೋಡಿ ಬೆಳೆದವರು ನಾವು. ವೇಷ ಅಂದರೆ ನಮ್ಮ ಕಡೆ ಮಕ್ಕಳಿಗೆ ಮೊದಲಿಂದಲೂ ಪ್ರಾಣ.

ನವನಗರದ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್! ಪೆಟಿಕೋಟ್ ಸಿಕ್ಕಿತು, ಕ್ರೀಮ್ ಇವತ್ತೇ ತರುತ್ತೇನೆ. ಕೂದಲಿಗೆ ಏನು ಮಾಡಲಿ ಅಣ್ಣಾ? ಮಗಳು ಟಾಲ್ಕಂ ಪೌಡರ್ ಹಾಕು ಅಂತಿದ್ದಾಳೆ.

ಗದಗ ಬಣ್ಣದ ಪೆಟ್ಟಿಗೆ:
ಪೌಡರ್ ಬೇಡಮ್ಮಾ, ತಲೆ ಅಲ್ಲಾಡಿಸಿದರೆ ಉಸಿರಿನೊಳಗೆ ಹೋಗುತ್ತದೆ. ಬಿಗಿಯಾಗಿ ಜಡೆ ಹೆಣೆದು ಸುತ್ತಿ ಪಿನ್ ಮಾಡಿ, ಮೇಲೆ ಅದೇ ಚಹಾ ಬಣ್ಣದ ಪಟ್ಟಿ ಕಟ್ಟಿ, ಕಣ್ಣು ಕಿವಿ ತೆರೆದಿರಲಿ. ಹುಡುಗನಿಗೆ ಕೊಬ್ಬರಿ ಎಣ್ಣೆ ಹಚ್ಚಿ ಕೂದಲು ಹಿಂದಕ್ಕೆ ಬಾಚಿ, ಹಣೆಯ ನಡುವೆ ಕಾಜಲ್‌ನಿಂದ ಇಂಗ್ಲಿಷ್ ವಿ ಅಕ್ಷರದಂತೆ ತುಂಬಿ.