ಜೆಕ್ವೆರಿ ವಿಡ್ತ್/ಔಟರ್‌ವಿಡ್ತ್ ಒಳಗಿನ ದಾಖಲಾಗದ ಪ್ಯಾರಾಮೀಟರ್‌ಗಳು: ನಂಬಿ ಬಳಸಬಹುದೇ?

ಪ್ರಶ್ನೆ
ಜೆಕ್ವೆರಿ (ವೆಬ್ ಪುಟಗಳಿಗೆ ಬಳಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) 3ರ ಮಿನಿಫೈ ಮಾಡದ (ಕುಗ್ಗಿಸದ) ಫೈಲ್‌ನಲ್ಲಿ ವಿಡ್ತ್, ಇನ್ನರ್‌ವಿಡ್ತ್ (ಪ್ಯಾಡಿಂಗ್, ಅಂದರೆ ಒಳ ಅಂತರ ಸೇರಿದ ಅಗಲ), ಔಟರ್‌ವಿಡ್ತ್ (ಬಾರ್ಡರ್ ಕೂಡ ಸೇರಿದ ಅಗಲ), ಹಾಗೆಯೇ ಹೈಟ್‌ನ ಮೂರು, ಒಟ್ಟು ಆರೂ ಮೆಥಡ್‌ಗಳು ಒಂದೇ ಫಂಕ್ಷನ್‌ನಿಂದ ತಯಾರಾಗುತ್ತವೆ. ಅದಕ್ಕೆ ಎರಡು ಪ್ಯಾರಾಮೀಟರ್: ಮಾರ್ಜಿನ್ (ಹೊರ ಅಂತರ), ವ್ಯಾಲ್ಯೂ (ಮೌಲ್ಯ). ಡಾಕ್ಯುಮೆಂಟೇಶನ್‌ನಲ್ಲಿ ವಿಡ್ತ್‌ಗೆ ಇರುವುದು ಒಂದೇ. ವಿಡ್ತ್(ಟ್ರೂ) ಎಂದರೆ ಸಂಖ್ಯೆಯ ಬದಲು ಆಬ್ಜೆಕ್ಟ್ ವಾಪಸ್ ಬರುತ್ತದೆ, ಏಕೆ? ಸ್ಟೈಲ್ ಮೌಲ್ಯ ಓದುವ ಒಳಗಿನ ಫಂಕ್ಷನ್ ಜೆಕ್ವೆರಿ.ಸಿಎಸ್ಎಸ್‌ನ ಮೂರನೆಯ 'ಎಕ್ಸ್‌ಟ್ರಾ' ಪ್ಯಾರಾಮೀಟರನ್ನು ನಮ್ಮ ಪ್ಲಗಿನ್‌ನಲ್ಲಿ ನೇರವಾಗಿ ಬಳಸಬಹುದೇ?

ಉತ್ತರ 1
ಬೂಲಿಯನ್‌ಗೆ (ಟ್ರೂ/ಫಾಲ್ಸ್) ವಿಶೇಷ ಅರ್ಥ ಇರುವುದು ಔಟರ್ ಜೋಡಿಯಲ್ಲಿ (ಔಟರ್‌ವಿಡ್ತ್, ಔಟರ್‌ಹೈಟ್) ಮಾತ್ರ. ವಿಡ್ತ್, ಇನ್ನರ್‌ವಿಡ್ತ್‌ಗಳಿಗೆ ಏನೇ ಕೊಟ್ಟರೂ ಅದು ಸೆಟ್ಟರ್ (ಅಳತೆ ಓದದೆ ಬದಲಿಸುವ ಕರೆ) ಎಂದೇ ಲೆಕ್ಕ. ಹಾಗಾಗಿ ವಿಡ್ತ್(ಟ್ರೂ) ಸ್ಟೈಲ್‌ಗೆ 'ಟ್ರೂ' ಬರೆಯಲು ಹೋಗುತ್ತದೆ, ಬ್ರೌಸರ್ ಅದನ್ನು ತಿರಸ್ಕರಿಸುತ್ತದೆ, ಚೈನಿಂಗ್‌ಗಾಗಿ (ಮುಂದಿನ ಮೆಥಡ್ ಜೋಡಿಸಲು) ಜೆಕ್ವೆರಿ ಆಬ್ಜೆಕ್ಟ್ ವಾಪಸ್ ಬರುತ್ತದೆ. ಎರರ್ ಬರುವುದಿಲ್ಲ, ಅದಕ್ಕೆ 10 ಕೂಡಿಸಿದರೆ ಲೆಕ್ಕದ ಬದಲು ಸ್ಟ್ರಿಂಗ್ ಸಿಗುತ್ತದೆ. ವಿಡ್ತ್(ಅನ್‌ಡಿಫೈನ್ಡ್) ಕೂಡ ಹೀಗೇ, ಏಕೆಂದರೆ ಅಲ್ಲಿ ನೋಡುವುದು ಆರ್ಗ್ಯುಮೆಂಟ್‌ಗಳ ಎಣಿಕೆಯನ್ನು. ವೇರಿಯಬಲ್ ಖಾಲಿ ಇರುವ ಸಾಧ್ಯತೆ ಇದ್ದರೆ ಮೊದಲೇ ಪರೀಕ್ಷಿಸಿ.

ಇನ್ನೂ ಅಪಾಯಕಾರಿ ಎಂದರೆ ಔಟರ್‌ವಿಡ್ತ್(1). 1.8ಕ್ಕಿಂತ ಹಿಂದೆ ಟ್ರೂಥಿ (ಟ್ರೂ ಎಂದೇ ಎಣಿಸುವ) ಆದ ಯಾವ ಮೌಲ್ಯ ಕೊಟ್ಟರೂ ಮಾರ್ಜಿನ್ ಸೇರಿಸಿದ ಅಳತೆ ಬರುತ್ತಿತ್ತು. 2012ರಲ್ಲಿ ಬಂದ 1.8ರಿಂದ ಔಟರ್‌ವಿಡ್ತ್ ಸೆಟ್ಟರ್ ಕೂಡ ಆಯಿತು, ಈಗ ಅದೇ ಸಾಲು ಅಗಲವನ್ನು 1 ಪಿಕ್ಸೆಲ್‌ಗೆ ಇಳಿಸಲು ಹೊರಡುತ್ತದೆ. ಹಳೆಯ ಕೋಡ್ ಅಪ್‌ಗ್ರೇಡ್ ಮಾಡುವಾಗ ಇದನ್ನು ಹುಡುಕಲೇಬೇಕು.

ಉತ್ತರ 2
ಔಟರ್‌ವಿಡ್ತ್(300, ಟ್ರೂ) ನಿಜಕ್ಕೂ ಉಪಯುಕ್ತ: ಮಾರ್ಜಿನ್ ಸೇರಿ ಒಟ್ಟು 300 ಆಗುವಂತೆ ಅಗಲ ಕೂರಿಸುತ್ತದೆ. ಒಂದೊಂದು ಬದಿಗೂ ಪ್ಯಾಡಿಂಗ್ 15, ಬಾರ್ಡರ್ 1, ಮಾರ್ಜಿನ್ 10 ಇದೆ ಎನ್ನಿ. ಕಂಟೆಂಟ್-ಬಾಕ್ಸ್‌ನಲ್ಲಿ (ಸ್ಟೈಲ್‌ನ ಅಗಲ ಎಂದರೆ ಕಂಟೆಂಟ್ ಮಾತ್ರ) ಸ್ಟೈಲ್‌ಗೆ 248 ಬೀಳುತ್ತದೆ, ಬಾರ್ಡರ್-ಬಾಕ್ಸ್‌ನಲ್ಲಿ (ಅಗಲದಲ್ಲಿ ಪ್ಯಾಡಿಂಗ್, ಬಾರ್ಡರ್ ಸೇರಿರುತ್ತವೆ) 280. ಅದೇ ಬಾರ್ಡರ್-ಬಾಕ್ಸ್ ಎಲಿಮೆಂಟ್‌ಗೆ ವಿಡ್ತ್(300) ಕೊಟ್ಟರೆ 332 ಬರೆಯುತ್ತದೆ, ಏಕೆಂದರೆ ವಿಡ್ತ್ ಎಂದರೆ ಯಾವಾಗಲೂ ಕಂಟೆಂಟ್ ಅಗಲ. ಸ್ಟೈಲ್‌ನಲ್ಲಿ 300 ಎಂದೇ ಬೇಕಾದರೆ ಸಿಎಸ್ಎಸ್ ಮೆಥಡ್ ಬಳಸಿ.

ಶೇಕಡಾ ಕೊಡುವವರು ಎಚ್ಚರ. ಕಳೆಯುವ ಅಥವಾ ಕೂಡಿಸುವ ಮೊತ್ತ ಸೊನ್ನೆ ಅಲ್ಲದಿದ್ದರೆ ಜೆಕ್ವೆರಿ '50%' ಅನ್ನು ಮೊದಲು ಸ್ಟೈಲ್‌ಗೆ ಹಾಕಿ, ಪಿಕ್ಸೆಲ್‌ನಲ್ಲಿ ಅಳೆದು, ಆ ಪಿಕ್ಸೆಲ್ ಸಂಖ್ಯೆಯನ್ನೇ ಉಳಿಸುತ್ತದೆ. ವಿಂಡೋ ಚಿಕ್ಕದು ಮಾಡಿದರೆ ಎಲಿಮೆಂಟ್ ಕದಲುವುದಿಲ್ಲ. ಬಾರ್ಡರ್-ಬಾಕ್ಸ್‌ಗೆ ಔಟರ್‌ವಿಡ್ತ್('50%') ಕೊಟ್ಟರೆ ಹೊಂದಿಸಲು ಏನೂ ಇಲ್ಲ, ಶೇಕಡಾ ಹಾಗೇ ಉಳಿಯುತ್ತದೆ. ಒಂದೇ ಕೋಡ್ ಎರಡು ಪುಟಗಳಲ್ಲಿ ಬೇರೆ ಬೇರೆ ನಡೆದುಕೊಳ್ಳುತ್ತಿದ್ದರೆ ಬಾಕ್ಸ್-ಸೈಜಿಂಗ್ (ಈ ಎರಡು ಬಾಕ್ಸ್‌ಗಳಲ್ಲಿ ಯಾವುದು ಎಂದು ಹೇಳುವ ಸಿಎಸ್ಎಸ್ ಗುಣ) ಮೊದಲು ನೋಡಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದ. 'ಎಕ್ಸ್‌ಟ್ರಾ' ವಿಷಯ ಉಳಿಯಿತು. ಮಾರ್ಜಿನ್‌ಟಾಪ್ ಕೇಳಿ ಟ್ರೂ ಕೊಟ್ಟರೆ '12px' ಬದಲು ನೇರ 12 ಸಿಗುತ್ತದೆ, ಅನುಕೂಲ ಅನಿಸಿತು.

ಉತ್ತರ 1
ಮಾರ್ಜಿನ್, ಪ್ಯಾಡಿಂಗ್‌ಗೆ ಇವತ್ತು ಸರಿಯಾಗಿಯೇ ನಡೆಯುತ್ತದೆ. ಆದರೆ ಅಗಲ, ಎತ್ತರಕ್ಕೆ ಟ್ರೂ ಕೊಡಬೇಡಿ. ಒಳಗಿನ ಕೋಡ್ ಅಲ್ಲಿ 'ಕಂಟೆಂಟ್', 'ಪ್ಯಾಡಿಂಗ್', 'ಬಾರ್ಡರ್', 'ಮಾರ್ಜಿನ್' ಈ ನಾಲ್ಕು ಸ್ಟ್ರಿಂಗ್‌ಗಳನ್ನಷ್ಟೇ ನಿರೀಕ್ಷಿಸುತ್ತದೆ. ಟ್ರೂ ಯಾವುದಕ್ಕೂ ಹೊಂದದೆ, ಕಂಟೆಂಟ್-ಬಾಕ್ಸ್‌ನಲ್ಲಿ ಪ್ಯಾಡಿಂಗ್, ಬಾರ್ಡರ್ ಕೂಡಿಸಿಬಿಡುತ್ತದೆ. ಬಾರ್ಡರ್-ಬಾಕ್ಸ್‌ನಲ್ಲಿ ಬಾರ್ಡರ್ ಕಳೆಯುತ್ತದೆ. ಎರಡು ಬೇರೆ ಅಳತೆಗಳು!

ಪ್ಲಗಿನ್ ಬೇರೆಯವರ ಪುಟಗಳಲ್ಲಿ ಓಡಬೇಕಾದರೆ ಆ ದಾರಿಯೇ ಬೇಡ. ದಾಖಲಾಗದ ಪ್ಯಾರಾಮೀಟರನ್ನು ಮುಂದಿನ ಆವೃತ್ತಿಯಲ್ಲಿ ಯಾರಿಗೂ ಹೇಳದೆ ತೆಗೆಯಬಹುದು. ಗೆಟ್‌ಕಂಪ್ಯೂಟೆಡ್‌ಸ್ಟೈಲ್‌ನಿಂದ ಮಾರ್ಜಿನ್ ತೆಗೆದು ಪಾರ್ಸ್‌ಫ್ಲೋಟ್ ಮಾಡಿ (ಸಂಖ್ಯೆಯಾಗಿ ಬದಲಿಸಿ), ನಾಟ್-ಎ-ನಂಬರ್ ಬಂದರೆ ಸೊನ್ನೆ ಎಂದು ಹಿಡಿಯಿರಿ. ಒಂದೇ ಸಾಲಿನ ಕೆಲಸ.